ಹನಿಯುವ ಎಣ್ಣೆ, ನುಸುಳುವ ಗಾಳಿ

ರಾತ್ರಿಯೆಲ್ಲ ಮನೆಯ ಮುಂದೆ ನಿಂತಿದ್ದ ವಾಹನವನ್ನು ಬೆಳಿಗ್ಗೆ ಮುಂದಕ್ಕೆ ತೆಗೆದಾಗ ನೆಲದ ಮೇಲೆ ಅಂಗೈಯಗಲದ ಕಪ್ಪು ಕಲೆಯೊಂದು ಕಂಡರೆ ಅದನ್ನು ದೊಡ್ಡ ಸಂಗತಿಯೆಂದು ಯಾರೂ ಎಣಿಸುವುದಿಲ್ಲ. ಗಾಡಿ ಹಳೆಯದು, ಎಣ್ಣೆ ಹನಿಯುತ್ತದೆ ಎಂದು ಸುಮ್ಮನಾಗುವುದೇ ವಾಡಿಕೆ. ನಾವೂ ಹಾಗೆಯೇ ಸುಮ್ಮನಾದೆವು. ಹಿಂದಿನ ಎಡಗಾಲಿಯ ಬಳಿಯ ಎಣ್ಣೆಸೀಲನ್ನು ಒಮ್ಮೆ ಬದಲಾಯಿಸಿದ್ದಾಗಿತ್ತು. ಇಪ್ಪತ್ತು ದಿನ ಕಳೆಯುವುದರೊಳಗೆ ಕಲೆ ಮತ್ತೆ ಕಾಣಿಸಿಕೊಂಡಿತು. ಮಳೆ ನಿಲ್ಲಲಿ, ಆಮೇಲೆ ನೋಡಿದರಾಯಿತು ಎಂದುಕೊಂಡೆವು.

2023ರ ಜುಲೈ ತಿಂಗಳ ಒಂದು ಸಂಜೆ, ತೋಟದ ಕೆಲಸ ಮುಗಿಸಿದ ಏಳು ಮಂದಿಯನ್ನು ಹಿಂದೆ ಕೂಡಿಸಿಕೊಂಡು ಸಕಲೇಶಪುರದ ಆಚೆಯ ಇಳಿಜಾರಿನಲ್ಲಿ ಬರುತ್ತಿದ್ದಾಗ ಬ್ರೇಕು ತುಳಿದೆವು. ನಮ್ಮ ಸಣ್ಣ ಟ್ರಕ್ಕು ನೇರವಾಗಿ ನಿಲ್ಲುವ ಬದಲು ಬಲಕ್ಕೆ ಮೂತಿ ತಿರುಗಿಸಿ ಕೆಸರಿನಲ್ಲಿ ಜಾರುತ್ತ ಹೋಗಿ, ಸಿಲ್ವರ್ ಓಕ್ ಮರವೊಂದರ ಬುಡಕ್ಕೆ ಗೇಣು ದೂರದಲ್ಲಿ ನಿಂತಿತು. ಮರದ ಆಚೆಗೆ ನಾಲ್ಕು ಆಳು ಆಳದ ಕಮರಿ. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಹಿಂದೆ ಕುಳಿತಿದ್ದವರು ಇಳಿದು, ಉಳಿದ ದಾರಿಯನ್ನು ನಡೆದೇ ಹೋಗುತ್ತೇವೆ ಎಂದಾಗ ಅವರಿಗೆ ಏನು ಹೇಳುವುದಕ್ಕೂ ನಮಗೆ ಬಾಯಿ ಬರಲಿಲ್ಲ.

ಮರುದಿನ ಪಟ್ಟಣದ ಹಿರಿಯ ಮೆಕ್ಯಾನಿಕರೊಬ್ಬರ ಷೆಡ್ಡಿನಲ್ಲಿ ಗಾಲಿ ಬಿಚ್ಚಿ ನೋಡಿದೆವು. ಎಡಗಡೆಯ ಬ್ರೇಕಿನ ಡ್ರಮ್ಮಿನೊಳಗೆ ಬ್ರೇಕ್ ಷೂಗಳು ಎಣ್ಣೆಯಲ್ಲಿ ತೊಯ್ದು ಹಪ್ಪಳದ ಹಿಟ್ಟಿನಂತೆ ಹೊಳೆಯುತ್ತಿದ್ದವು. ಬಲಗಡೆಯ ಬ್ರೇಕು ಹಿಡಿಯಿತು, ಎಡಗಡೆಯದು ಜಾರಿತು. ಮೂತಿ ಬಲಕ್ಕೆ ತಿರುಗಿದ್ದು ಇದರಿಂದ. ಮೆಕ್ಯಾನಿಕರು ಬೆರಳಿಗೆ ಅಂಟಿದ ಎಣ್ಣೆಯನ್ನು ಮೂಸಿ, ಸೀಲಿನ ಸುತ್ತ ಒಮ್ಮೆ ಬೆರಳಾಡಿಸಿ, ಹೀಗೆಂದರು: “ಹಾಕಿ ಇಪ್ಪತ್ತು ದಿನ ಆಗಿಲ್ಲ ಸಾರ್. ಇದು ಸೀಲು ಹೋದದ್ದಲ್ಲ. ಒಳಗಿನಿಂದ ಯಾರೋ ದಬ್ಬಿದ್ದಾರೆ.”

ದಬ್ಬಿದವರು ಯಾರು? ಅದನ್ನು ಕಂಡುಹಿಡಿಯುವುದಕ್ಕೆ ಎರಡು ದಿನ ಬೇಕಾಯಿತು. ಆ ಹುಡುಕಾಟವನ್ನು ವಾಚಕರು ನಮ್ಮೊಡನೆ ಅನುಸರಿಸಬೇಕಾದರೆ ಮೊದಲು ಹಿಂದಿನ ಅಚ್ಚಿನ ಒಳಗೆ ಇಣುಕಿ ನೋಡಬೇಕು.

ಎತ್ತಿನ ಗಾಡಿಯಲ್ಲಿ ಅಚ್ಚು ತಿರುಗುವುದಿಲ್ಲ; ಎರಡು ಗಾಲಿಗಳೂ ಅದರ ತುದಿಗಳಲ್ಲಿ ಸ್ವತಂತ್ರವಾಗಿ ತಿರುಗುತ್ತವೆ. ಬಿದ್ದುಹೋಗದಂತೆ ಕಡಾಣಿ, ಸವೆಯದಂತೆ ಕೀಲೆಣ್ಣೆ, ಇಷ್ಟಿದ್ದರೆ ಸಾಕು. ಗಾಡಿಯನ್ನು ಎಳೆಯುವುದು ಎತ್ತೇ ಹೊರತು ಗಾಲಿಯಲ್ಲ. ಆದಕಾರಣ ತಿರುವಿನಲ್ಲಿ ಯಾವ ತೊಡಕೂ ಇಲ್ಲ. ಮೋಟಾರು ವಾಹನದಲ್ಲಿ ಹಾಗಲ್ಲ. ಅಲ್ಲಿ ಎಂಜಿನ್ನು ಗಾಲಿಗಳನ್ನೇ ತಿರುಗಿಸಿ ವಾಹನವನ್ನು ನೂಕಬೇಕು. ಎರಡು ಗಾಲಿಗಳನ್ನೂ ಒಂದೇ ಸಲಾಕೆಗೆ ಬಿಗಿದರೆ ಏನಾಗುವುದೆಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಘಾಟಿಯ ರಸ್ತೆಯಲ್ಲಿ ಹೋದ ದಿಕ್ಕಿಗೇ ಹಿಂದಿರುಗುವಂಥ ಅರ್ಧ ಸುತ್ತಿನ ತಿರುವೊಂದಿದೆ ಎಂದಿಟ್ಟುಕೊಳ್ಳಿ. ಎಡ ಬಲ ಗಾಲಿಗಳ ನಡುವಣ ಅಂತರ 1.4 ಮೀಟರು. ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚಾಗಿ ಕ್ರಮಿಸಬೇಕಾದ ದೂರ 3.14 ಗುಣಿಸು 1.4, ಅಂದರೆ ಸುಮಾರು 4.4 ಮೀಟರು. ತಿರುವು ಕಿರಿದಾಗಿರಲಿ ಅಗಲವಾಗಿರಲಿ, ಈ ವ್ಯತ್ಯಾಸ ಬದಲಾಗದೆಂಬುದು ಸ್ವಾರಸ್ಯದ ಸಂಗತಿ. 70 ಸೆಂಟಿಮೀಟರು ವ್ಯಾಸದ ಗಾಲಿಯಾದರೆ ಹೊರಗಿನದು ಎರಡು ಸುತ್ತು ಹೆಚ್ಚು ತಿರುಗಬೇಕು. ಒಂದೇ ಸಲಾಕೆಗೆ ಬಿಗಿದ ಗಾಲಿಗಳು ಹೀಗೆ ತಿರುಗಲಾರವು. ಒಂದು ರಸ್ತೆಯನ್ನು ಉಜ್ಜಿಕೊಂಡೇ ಹೋಗಬೇಕು.

ಈ ತೊಡಕಿಗೆ ಪರಿಹಾರವೇ ಡಿಫರೆನ್ಷಿಯಲ್. ಪ್ಯಾರಿಸಿನ ಗಡಿಯಾರದ ಕುಶಲಕರ್ಮಿ ಒನೆಸಿಫೋರ್ ಪೆಕ್ಯೂರ್ ಎಂಬಾತ 1827-28ರ ಸುಮಾರಿನಲ್ಲಿ ಹಬೆಯ ಬಂಡಿಗೆಂದು ಇದರ ಹಕ್ಕುಪತ್ರ ಪಡೆದ. ಪೆಟ್ರೋಲಿನ ಕಾರು ಹುಟ್ಟುವುದಕ್ಕೆ ಅರ್ಧ ಶತಮಾನಕ್ಕೂ ಹಿಂದಿನ ಮಾತು ಇದು. ಎಂಜಿನ್ನಿನ ಕಡೆಯಿಂದ ಬರುವ ದಂಡದ ತುದಿಯಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ; ಅದು ತಿರುಗಿಸುವುದು ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು. ಕ್ರೌನಿಗೆ ಒಂದು ಉಕ್ಕಿನ ಪಂಜರವನ್ನು ಬಿಗಿದಿರುತ್ತಾರೆ. ಪಂಜರದೊಳಗೆ ಸ್ಪೈಡರ್ ಎಂದು ಕರೆಯುವ ಪುಟ್ಟ ಹಲ್ಲುಗಾಲಿಗಳು, ಅವುಗಳ ಎರಡು ಪಕ್ಕದಲ್ಲಿ ಎಡ ಬಲ ಅಚ್ಚುಗಳಿಗೆ ಸೇರಿದ ಎರಡು ಹಲ್ಲುಗಾಲಿಗಳು. ನೇರ ರಸ್ತೆಯಲ್ಲಿ ಇಡೀ ಸಂಸಾರ ಒಂದೇ ಗಡ್ಡೆಯಾಗಿ ತಿರುಗುತ್ತದೆ. ತಿರುವಿನಲ್ಲಿ ಮಾತ್ರ ಸ್ಪೈಡರುಗಳು ತಮ್ಮ ಮೇಲೆ ತಾವೇ ಉರುಳಿ, ಒಂದು ಗಾಲಿಯಿಂದ ಕಳೆದಷ್ಟು ಸುತ್ತನ್ನು ಇನ್ನೊಂದಕ್ಕೆ ಕೂಡಿಸುತ್ತವೆ. ಅಚ್ಚಿನ ನಡುವೆ ಗುಮ್ಮಟದಂತೆ ಉಬ್ಬಿದ ಕಬ್ಬಿಣದ ಭಾಗದೊಳಗೆ ಇದೆಲ್ಲ ಅಡಗಿದೆ. ನಮ್ಮ ಕಡೆಯ ಷೆಡ್ಡುಗಳಲ್ಲಿ ಆ ಗುಮ್ಮಟಕ್ಕೆ ‘ಹೌಸಿಂಗ್’ ಎಂದೇ ಹೆಸರು.

ಆದರೆ ಈ ಜಾಣ ಏರ್ಪಾಡಿಗೆ ಒಂದು ದೌರ್ಬಲ್ಯವಿದೆ. ಸ್ಪೈಡರು ತಕ್ಕಡಿಯ ದಂಡಿಗೆಯಂತೆ. ದಂಡಿಗೆಯ ನಡುವನ್ನು ಹಿಡಿದು ನೂಕಿದರೆ ಎರಡು ತುದಿಗಳಲ್ಲಿಯೂ ಬಲ ಸಮಸಮ. ಒಂದು ತುದಿಯ ಆಸರೆ ಕುಸಿದರೆ ಇನ್ನೊಂದು ತುದಿಗೂ ಬಲ ಸಿಗುವುದಿಲ್ಲ. ದಂಡಿಗೆ ಸುಮ್ಮನೆ ಓಲುತ್ತದೆ. ಒಂದು ಗಾಲಿ ಕೆಸರಿನಲ್ಲಿದ್ದು ಹತ್ತು ಪಾಲು ಬಲವನ್ನಷ್ಟೇ ತಡೆಯಬಲ್ಲುದು, ಇನ್ನೊಂದು ಗಟ್ಟಿ ಬಂಡೆಯ ಮೇಲಿದ್ದು ನೂರು ಪಾಲು ತಡೆಯಬಲ್ಲುದು ಎಂದಿಟ್ಟುಕೊಳ್ಳೋಣ. ಬಂಡೆಯ ಮೇಲಿನ ಗಾಲಿಗೂ ಸಿಗುವುದು ಹತ್ತೇ ಪಾಲು. ಕೆಸರಿನ ಗಾಲಿ ಗಿರ್ರನೆ ತಿರುಗುತ್ತಿದ್ದರೆ ಬಂಡೆಯ ಮೇಲಿನದು ಕಲ್ಲಿನಂತೆ ನಿಂತಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಜೀಪು ಹೂತುಹೋದದ್ದನ್ನು ಕಂಡವರಿಗೆ ಈ ನೋಟ ಹೊಸತಲ್ಲ.

ಅಂಥ ಹೊತ್ತಿನಲ್ಲಿ ಡಿಫರೆನ್ಷಿಯಲ್ಲಿನ ಜಾಣತನವನ್ನು ಸ್ವಲ್ಪ ಕಾಲ ಕಟ್ಟಿಹಾಕಿದರೆ ಎರಡು ಗಾಲಿಗಳೂ ಒಂದಾಗಿ ತಿರುಗಿ ವಾಹನ ಮೇಲೇಳುತ್ತದೆ. ಕಟ್ಟುವ ಉಪಾಯಗಳು ಹಲವು: ಸನ್ನೆ, ತಂತಿ, ವಿದ್ಯುತ್ ಕಾಂತ. ನಮ್ಮ ಗಾಡಿಯಲ್ಲಿರುವುದು ಗಾಳಿಯ ಬೀಗ, ಏರ್ ಲಾಕರ್. ಇದರ ತವರು ಆಸ್ಟ್ರೇಲಿಯ. ಊರಿಂದೂರಿಗೆ ನೂರಾರು ಮೈಲಿ ಕಚ್ಚಾ ಹಾದಿಯಿರುವ ಆ ದೇಶದಲ್ಲಿ ರಾಬರ್ಟ್ಸ್ ಎಂಬುವರು ರೂಪಿಸಿದ ಬೀಗದ ಹಕ್ಕನ್ನು, ಮೆಲ್ಬರ್ನ್ ನಗರದಲ್ಲಿ 1975ರಲ್ಲಿ ಆರಂಭವಾಗಿದ್ದ ಎ.ಆರ್.ಬಿ. ಸಂಸ್ಥೆ 1987ರಲ್ಲಿ ಕೊಂಡು, ಬೆಳೆಸಿ, ಲೋಕಕ್ಕೆಲ್ಲ ಪರಿಚಯಿಸಿತು. ಪಂಜರದೊಳಗೆ ಒಂದು ಉಂಗುರದಾಕಾರದ ಪಿಸ್ಟನ್. ಅದರ ಹಿಂದಕ್ಕೆ ಚದರ ಅಂಗುಲಕ್ಕೆ ಸುಮಾರು ನೂರು ಪೌಂಡು ಒತ್ತಡದ ಗಾಳಿ ಬಂದರೆ ಅದು ಸರಿದು, ಹಲ್ಲುಗಳಿರುವ ಒಂದು ಬಳೆಯನ್ನು ದಬ್ಬಿ, ಪಕ್ಕದ ಹಲ್ಲುಗಾಲಿಗಳಲ್ಲಿ ಒಂದನ್ನು ಪಂಜರಕ್ಕೇ ಬಿಗಿದುಬಿಡುತ್ತದೆ. ಒಂದನ್ನು ಬಿಗಿದರೆ ಸಾಕು. ಸ್ಪೈಡರುಗಳು ಉರುಳಲಾರವು, ಆದ್ದರಿಂದ ಇನ್ನೊಂದೂ ಬಂಧಿತವಾದಂತೆಯೇ. ಗಾಳಿ ಬಿಟ್ಟರೆ ಒಳಗಿನ ಸ್ಪ್ರಿಂಗುಗಳು ಎಲ್ಲವನ್ನೂ ಮೊದಲಿನ ಸ್ಥಾನಕ್ಕೆ ತಳ್ಳುತ್ತವೆ. ಚಾಲಕ ಮಾಡಬೇಕಾದದ್ದು ಒಂದು ಗುಂಡಿಯನ್ನು ಒತ್ತುವುದಷ್ಟೆ. ಡಾಂಬರು ರಸ್ತೆಗೆ ಬಂದೊಡನೆ ಅದನ್ನು ಮರೆಯದೆ ಬಿಡಬೇಕು; ಬೀಗ ಹಾಕಿದ ಅಚ್ಚು ತಿರುವಿನಲ್ಲಿ ಸ್ಟೀರಿಂಗಿನ ಮಾತು ಕೇಳುವುದಿಲ್ಲ.

ಇಲ್ಲಿ ವಾಚಕರಿಗೆ ಒಂದು ಸಂದೇಹ ಬರಬೇಕು. ಪಂಜರ ತಿರುಗುತ್ತಿದೆ, ಗಾಳಿಯ ಕೊಳವೆ ತಿರುಗುವಂತಿಲ್ಲ. ಹಾಗಾದರೆ ನಿಂತ ಕೊಳವೆಯಿಂದ ತಿರುಗುವ ಪಂಜರಕ್ಕೆ ಗಾಳಿ ಹೋಗುವುದೆಂತು? ಇಡೀ ಯಂತ್ರದ ಪ್ರಾಣ ಇರುವುದು ಈ ಒಂದು ಸಂಧಿಯಲ್ಲಿ. ಪಂಜರದ ಒಂದು ಪಕ್ಕದ ಕೊರಳಿನ ಸುತ್ತ, ಬೇರಿಂಗಿಗೆ ಒತ್ತಿಕೊಂಡಂತೆ, ಒಂದು ಲೋಹದ ಕೊರಳಪಟ್ಟಿ ಕುಳಿತಿರುತ್ತದೆ. ಕೊರಳು ತಿರುಗುತ್ತದೆ, ಪಟ್ಟಿ ತಿರುಗುವುದಿಲ್ಲ. ಪಟ್ಟಿಯ ಒಳಮೈಯಲ್ಲಿ ಎರಡು ಗಾಡಿಗಳು ಕೊರೆದಿವೆ. ಒಂದೊಂದರಲ್ಲಿಯೂ ಮಗುವಿನ ಬಳೆಯಷ್ಟು ದೊಡ್ಡ ರಬ್ಬರಿನ ಉಂಗುರ. ಸಣ್ಣ ತಾಮ್ರದ ಕೊಳವೆ ತಂದ ಗಾಳಿ ಈ ಎರಡು ಉಂಗುರಗಳ ನಡುವಣ ಓಣಿಯಲ್ಲಿ ತುಂಬಿಕೊಂಡು, ಕೊರಳಿನ ತೂತುಗಳ ಮೂಲಕ ಪಿಸ್ಟನ್ನಿಗೆ ತಲಪುತ್ತದೆ. ನೂರು ಪೌಂಡಿನ ಗಾಳಿಗೂ ಎಣ್ಣೆ ತುಂಬಿದ ಹೌಸಿಂಗಿಗೂ ನಡುವೆ ನಿಂತಿರುವ ಗೋಡೆಯೆಂದರೆ ಈ ರಬ್ಬರಿನ ಬಳೆಗಳೇ.

ಇವುಗಳ ಹೆಸರು ಓ-ರಿಂಗ್. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲಸಿದ ನೀಲ್ಸ್ ಕ್ರಿಸ್ಟೆನ್ಸೆನ್ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಇದಕ್ಕೆ ಅರ್ಜಿ ಹಾಕಿ 1939ರಲ್ಲಿ ಹಕ್ಕುಪತ್ರ ಪಡೆದರು. ರಬ್ಬರಿನ ಬಳೆಯಲ್ಲಿ ಹಕ್ಕುಪತ್ರಕ್ಕೆ ತಕ್ಕಂಥದೇನಿದೆ ಎನ್ನಬಹುದು. ಚಮತ್ಕಾರವಿರುವುದು ಬಳೆಯಲ್ಲಲ್ಲ, ಅದು ಕೂರುವ ಗಾಡಿಯ ಅಳತೆಯಲ್ಲಿ. ಗಾಡಿ ಬಳೆಗಿಂತ ತುಸು ಅಗಲ, ಆದರೆ ತುಸು ಕಡಿಮೆ ಆಳ. ಆಳ ಕಡಿಮೆಯಾದ್ದರಿಂದ ಬಳೆ ಮೊದಲೇ ಕೊಂಚ ಅಮುಕಿಕೊಂಡಿರುತ್ತದೆ. ಅಗಲ ಹೆಚ್ಚಾದ್ದರಿಂದ ಒತ್ತಡ ಬಂದಾಗ ಅದು ಗಾಡಿಯ ಆಚೆ ಗೋಡೆಗೆ ಸರಿದು, ಅಲ್ಲಿಯ ಸಂದಿಯನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತದೆ. ತಳ್ಳುವ ಶತ್ರುವಿನ ಬಲದಿಂದಲೇ ಬಾಗಿಲು ಹಾಕಿಕೊಳ್ಳುವ ಉಪಾಯ ಇದು. ಆದರೆ ರಬ್ಬರಿನ ಮೆದುತನ ಇರುವವರೆಗೆ ಮಾತ್ರ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ವ್ಯೋಮನೌಕೆ ಏಳು ಮಂದಿಯೊಡನೆ ನಾಶವಾದದ್ದು ಚಳಿಗೆ ಬಿರುಸಾದ ಓ-ರಿಂಗು ಸಂದಿಯನ್ನು ಹೊತ್ತಿಗೆ ಸರಿಯಾಗಿ ಮುಚ್ಚದೆ ಹೋದ ಕಾರಣ.

ಇದು ಗಾಳಿಯ ಕಾವಲು. ಎಣ್ಣೆಯ ಕಾವಲು ಬೇರೆ. ಅಚ್ಚಿನ ಎರಡು ತುದಿಗಳಲ್ಲಿ ಒಂದೊಂದು, ಪಿನಿಯನ್ನಿನ ಬಳಿ ಒಂದು, ಹೀಗೆ ಮೂರು ಎಣ್ಣೆಸೀಲುಗಳಿರುತ್ತವೆ. ಮೊದಮೊದಲು ಇವನ್ನು ಚರ್ಮದಿಂದಲೇ ಮಾಡುತ್ತಿದ್ದರು. 1930ರ ಸುಮಾರಿಗೆ ಜರ್ಮನಿಯಲ್ಲಿ ಇವುಗಳನ್ನು ಬಳಕೆಗೆ ತಂದ ಫ್ರಾಯ್ಡೆನ್‌ಬರ್ಗ್ ಸಂಸ್ಥೆ ಮೂಲತಃ ಚರ್ಮ ಹದಮಾಡುವ ಮನೆತನದ್ದು. ಈಗಿನವು ರಬ್ಬರಿನವು. ತೆಳುವಾದ ತುಟಿಯೊಂದು ಅಚ್ಚನ್ನು ಚುಂಬಿಸಿಕೊಂಡಿರುತ್ತದೆ. ಅದರ ಹಿಂದೆ ಕಾಲುಗೆಜ್ಜೆಯ ಸರಪಣಿಯಷ್ಟು ಸಪೂರವಾದ ಸ್ಪ್ರಿಂಗು ತುಟಿಯನ್ನು ಒತ್ತಿಹಿಡಿದಿರುತ್ತದೆ. ಓ-ರಿಂಗಿನಂತೆ ನೂರು ಪೌಂಡನ್ನು ತಡೆಯುವ ಕಸುವು ಈ ತುಟಿಗಿಲ್ಲ. ಒಳಗೂ ಹೊರಗೂ ಗಾಳಿಯ ಒತ್ತಡ ಸಮನಾಗಿರುತ್ತದೆಂಬ ನಂಬಿಕೆಯ ಮೇಲೆಯೇ ಅದನ್ನು ರಚಿಸಿದ್ದಾರೆ.

ಈ ನಂಬಿಕೆಯನ್ನು ಉಳಿಸುವ ಭಾರ ಒಂದು ಚಿಕ್ಕ ಕೊಳವೆಯ ಮೇಲೆ ಬಿದ್ದಿದೆ. ಹೌಸಿಂಗಿನ ನೆತ್ತಿಯ ಮೇಲಿರುವ ಉಸಿರುಗೊಳವೆ, ಬ್ರೀದರ್. ಬೆಳಿಗ್ಗೆ 25 ಡಿಗ್ರಿ ಸೆಲ್ಸಿಯಸ್ ಇದ್ದ ಒಳಗಿನ ಗಾಳಿ ಘಾಟಿ ಹತ್ತುವುದರೊಳಗೆ 85 ಡಿಗ್ರಿಗೆ ಕಾಯ್ದರೆ ಏನಾದೀತು? ಪರಮ ಮಾನದಲ್ಲಿ ಇದು 298ರಿಂದ 358ಕ್ಕೆ ಏರಿದಂತೆ. ಅಂದರೆ ನೂರಕ್ಕೆ ಇಪ್ಪತ್ತು ಹೆಚ್ಚು. ಗಾಳಿಗೆ ಹೊರಹೋಗುವ ದಾರಿ ಇಲ್ಲದಿದ್ದರೆ ಒಳಗಿನ ಒತ್ತಡ ಚದರ ಅಂಗುಲಕ್ಕೆ ಹೆಚ್ಚುಕಡಿಮೆ ಮೂರು ಪೌಂಡು ಏರುತ್ತದೆ. ಸೀಲಿನ ಸೂಕ್ಷ್ಮ ತುಟಿಗೆ ಇದೇ ಒಂದು ಹೊರೆ. ಉಸಿರುಗೊಳವೆ ತೆರೆದಿದ್ದರೆ ಗಾಳಿ ಮೆಲ್ಲನೆ ಹೊರಗೆ ಹೋಗಿ ಎಲ್ಲವೂ ಸರಿಯಾಗಿರುತ್ತದೆ. ತಣಿಯುವಾಗ ನಡೆಯುವುದು ಇದಕ್ಕೆ ತಿರುಗುಮುರುಗು. ಕಾಯ್ದ ಅಚ್ಚು ಹಳ್ಳದ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಥಟ್ಟನೆ ಕುಗ್ಗಿ, ಉಸಿರುಗೊಳವೆ ಕಟ್ಟಿದ್ದರೆ ಸೀಲಿನ ಸಂದಿಯಿಂದಲೇ ನೀರನ್ನು ಹೀರಿಕೊಳ್ಳುತ್ತದೆ. ಆಗ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ನಮ್ಮ ತೋಟದ ದಾರಿಯಲ್ಲಿ ಅಂಥ ಹಳ್ಳಗಳು ಎರಡಿವೆ.

ಈಗ ಷೆಡ್ಡಿಗೆ ಹಿಂದಿರುಗೋಣ. ಮೆಕ್ಯಾನಿಕರು ಹೌಸಿಂಗನ್ನು ಮುಟ್ಟಲೇ ಇಲ್ಲ. ಎಂಜಿನ್ನಿನ ಬಾನೆಟ್ಟನ್ನು ಎತ್ತಿದರು. ಗಾಳಿಯ ಬೀಗಕ್ಕೆ ಗಾಳಿ ಒದಗಿಸುವ ಪುಟ್ಟ ಕಂಪ್ರೆಸರು ಅಲ್ಲಿದೆ. ಅದರ ಪಕ್ಕದಲ್ಲಿ ಗಾಳಿಯನ್ನು ಕೊಡುವ, ಬಿಡುವ ವಿದ್ಯುತ್ ಕವಾಟ. ಬೀಗ ಬಿಟ್ಟಾಗ ಕೊಳವೆಯ ಗಾಳಿ ಕವಾಟದ ಒಂದು ಸಣ್ಣ ತೂತಿನಿಂದ ಉಸ್ಸೆಂದು ಹೊರಬೀಳುತ್ತದೆ. ಆ ತೂತಿನ ಸುತ್ತ ಎಣ್ಣೆಯ ಜಿಡ್ಡು ಕಟ್ಟಿತ್ತು. ನಾವು ಅದನ್ನು ತಿಂಗಳುಗಳಿಂದ ಕಂಡಿದ್ದೆವು. ಕಂಪ್ರೆಸರಿನ ಎಣ್ಣೆಯಿರಬೇಕೆಂದು ತಿಳಿದಿದ್ದೆವು. “ಈ ಕಂಪ್ರೆಸರಿಗೆ ಎಣ್ಣೆಯೇ ಹಾಕುವುದಿಲ್ಲವಲ್ಲ ಸಾರ್” ಎಂದು ಅವರು ನಕ್ಕರು. ನಿಜವೇ. ಇಂಥ ಕಂಪ್ರೆಸರುಗಳು ಎಣ್ಣೆಯಿಲ್ಲದೆ ನಡೆಯುವಂಥವು. ಜಿಡ್ಡನ್ನು ಮೂಸಿದರೆ ಗಂಧಕದ ವಾಸನೆ. ಕ್ರೌನ್ ಪಿನಿಯನ್‌ಗಳ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಭಾರಿ ಒತ್ತಡದಲ್ಲಿ ಜಾರುತ್ತವೆ ಕೂಡ. ಬರಿಯ ಎಣ್ಣೆಯ ಪೊರೆ ಅಲ್ಲಿ ಹರಿದುಹೋಗುವುದರಿಂದ, ಕಬ್ಬಿಣದೊಡನೆ ಸೇರಿ ತೆಳುವಾದ ರಕ್ಷಣೆಯ ಪದರವನ್ನು ಕಟ್ಟುವ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಗೇರ್ ಎಣ್ಣೆಗೆ ಬೆರೆಸುತ್ತಾರೆ. ಆ ವಾಸನೆ ಮತ್ತೆಲ್ಲಿಯೂ ಇರದು. ಹಾಗಾದರೆ ಹೌಸಿಂಗಿನ ಎಣ್ಣೆ ಗಾಳಿಯ ಕೊಳವೆಯೊಳಗೆ ಹಿಮ್ಮುಖವಾಗಿ ಏರಿ ಎಂಜಿನ್ನಿನವರೆಗೆ ಪ್ರಯಾಣ ಮಾಡಿದೆ! ಎಣ್ಣೆ ಮೇಲೆ ಬರುವ ದಾರಿ ತೆರೆದಿದ್ದರೆ ಗಾಳಿ ಕೆಳಗೆ ಹೋಗುವ ದಾರಿಯೂ ತೆರೆದಿರಬೇಕಷ್ಟೆ.

ಪರೀಕ್ಷೆ ಸುಲಭವಾಗಿತ್ತು. ಎಂಜಿನ್ನನ್ನು ನಿಲ್ಲಿಸಿ ಕಂಪ್ರೆಸರನ್ನು ಮಾತ್ರ ನಡೆಸಿ ಬೀಗ ಹಾಕಿದೆವು. ಸೋರಿಕೆಯಿಲ್ಲದ ಏರ್ಪಾಡಿನಲ್ಲಿ ಒಮ್ಮೆ ಗಾಳಿ ತುಂಬಿ ನಿಂತ ಕಂಪ್ರೆಸರು ಕಾಲು ಗಂಟೆಯಾದರೂ ಮತ್ತೆ ಸದ್ದು ಮಾಡಕೂಡದು. ನಮ್ಮದು ಅರ್ಧ ನಿಮಿಷಕ್ಕೊಮ್ಮೆ ಗುರುಗುಟ್ಟಿತು. ಹೊರಗಿನ ಕೊಳವೆಯ ಪ್ರತಿಯೊಂದು ಕೀಲಿಗೂ ಸಾಬೂನಿನ ನೀರು ಬಳಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ಹಾಗಾದರೆ ಸೋರಿಕೆ ಹೌಸಿಂಗಿನ ಒಳಗೇ. ಮೆಕ್ಯಾನಿಕರು ಉಸಿರುಗೊಳವೆಯ ರಬ್ಬರನ್ನು ಹೌಸಿಂಗಿನಿಂದ ಎಳೆದರು. ಪ್ರೆಷರ್ ಕುಕ್ಕರಿನ ಸೀಟಿಯಂಥ ಸದ್ದಿನೊಡನೆ ಎಣ್ಣೆಯ ಮಂಜು ಮುಖಕ್ಕೆ ರಾಚಿತು. ಅದು ತಣ್ಣಗಾದ ಮೇಲೆ, ಷೆಡ್ಡಿನಲ್ಲಿ ಆಡುತ್ತಿದ್ದ ತಮ್ಮ ಮೊಮ್ಮಗನಿಂದ ಒಂದು ಬಲೂನು ಇಸಿದುಕೊಂಡು ಆ ಮೊಳೆಯ ಬಾಯಿಗೆ ಸಿಕ್ಕಿಸಿದರು. ಬೀಗ ಹಾಕಿದೊಡನೆ ಬಲೂನು ನಿಧಾನವಾಗಿ ತಲೆಯೆತ್ತಿ, ದುಂಡಗಾಗಿ, ಅಚ್ಚಿನ ಮೇಲೆ ಕೆಂಪಗೆ ನಿಂತಿತು. ದಬ್ಬಿದವನು ಸಿಕ್ಕಿಬಿದ್ದ.

ಆದರೆ ಉಸಿರುಗೊಳವೆ ಇದ್ದೂ ಒತ್ತಡ ಏಕೆ ಏರಿತು? ರಬ್ಬರು ಕೊಳವೆಯ ಮೇಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆವು. ಬೇಸಗೆಯಲ್ಲಿ ಯಾವುದೋ ಕುಂಬಾರ ಹುಳು ಅದರ ಬಾಯಿಗೆ ಅಚ್ಚುಕಟ್ಟಾಗಿ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಪಾಪ, ಅದರ ಕೆಲಸವನ್ನು ಅದು ಮಾಡಿತ್ತು. ನಮ್ಮ ಕೆಲಸವನ್ನು ನಾವು ಮಾಡಿರಲಿಲ್ಲ.

ಅಂದಮೇಲೆ ಕಥೆ ಹೀಗೆ. ಮೊದಲು ಉಸಿರು ಕಟ್ಟಿತು. ಹಳ್ಳ ದಾಟುವಾಗಲೆಲ್ಲ ನೀರು ಒಳಸೇರಿತು. ಕೆಟ್ಟ ಎಣ್ಣೆಯಲ್ಲಿ ಓ-ರಿಂಗುಗಳು ಬಿರುಸಾಗಿ ಸವೆದವು. ಬೀಗ ಹಾಕಿದಾಗ ಗಾಳಿ ಹೌಸಿಂಗಿಗೆ ನುಸುಳಿ ಸೀಲಿನ ತುಟಿಯನ್ನು ದಬ್ಬಿ ಎಣ್ಣೆಯನ್ನು ಬ್ರೇಕಿನ ಮೇಲೆ ಚೆಲ್ಲಿತು; ಬೀಗ ಬಿಟ್ಟಾಗ ಅದೇ ಒತ್ತಡ ಎಣ್ಣೆಯನ್ನು ಕೊಳವೆಯೊಳಕ್ಕೆ ಏರಿಸಿತು. ಹೊಸ ಸೀಲು ಹಾಕಿ ಮೂಲವನ್ನು ಬಿಟ್ಟದ್ದರಿಂದ ಹೊಸ ಸೀಲೂ ಅದೇ ಗತಿ ಕಂಡಿತು. ಇದರ ನಡುವೆ, ಎಣ್ಣೆ ಕಡಿಮೆಯಾದೀತೆಂದು ಹೆದರಿ ನಾವು ಅಳತೆ ಮೀರಿ ತುಂಬಿಸಿದ್ದು ಬೇರೆ.

ರಿಪೇರಿ ಎರಡನೆಯ ದಿನ ನಡೆಯಿತು. ಹಿಂಭಾಗವನ್ನು ಜಾಕಿನಿಂದ ಎತ್ತಿ, ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟೆವು. ಜಾಕಿನ ಮೇಲಷ್ಟೇ ನಿಂತ ವಾಹನದ ಕೆಳಗೆ ಎಂದಿಗೂ ಮಲಗಕೂಡದು. ಬೀಗವಿರುವ ವಾಹನದಲ್ಲಿ ಇನ್ನೊಂದು ಅಪಾಯವುಂಟು: ಸಾಮಾನ್ಯ ವಾಹನದಲ್ಲಿ ಒಂದು ಗಾಲಿಯನ್ನು ಎತ್ತಿ ಎಂಜಿನ್ನಿನಿಂದ ತಿರುಗಿಸಿದರೆ ಎತ್ತಿದ ಗಾಲಿ ಸುಮ್ಮನೆ ಗಾಳಿಯಲ್ಲಿ ಸುತ್ತುತ್ತದೆ, ಬೀಗ ಹಾಕಿದ್ದರೆ ನೆಲದ ಮೇಲಿನ ಗಾಲಿಯೂ ತಿರುಗಿ ವಾಹನ ಜಾಕಿನಿಂದ ಹಾರಿಬಿಡುತ್ತದೆ. ಆದಕಾರಣ ಕೆಲಸಕ್ಕೆ ಮುಂಚೆ ಬ್ಯಾಟರಿಯ ತಂತಿಯನ್ನೇ ಕಳಚಿದೆವು.

ಕೆಳಗಿನ ಬಿರಡೆ ತೆಗೆದಾಗ ಸುರಿದದ್ದು ಎಣ್ಣೆಯಲ್ಲ, ಹಳೆಯ ಕಾಫಿ. ಬಿರಡೆಯ ತುದಿಯ ಅಯಸ್ಕಾಂತಕ್ಕೆ ಬೂದುಬಣ್ಣದ ನುಣ್ಣನೆಯ ಮೆತ್ತು ಅಂಟಿತ್ತು. ಅದು ಸಹಜವಾದ ಸವೆತ. ಚೂರುಗಳು ಸಿಕ್ಕಿದ್ದರೆ ಹಲ್ಲು ಮುರಿದಿದೆಯೆಂದು ತಿಳಿಯಬೇಕಾಗುತ್ತಿತ್ತು. ಎರಡು ಅಚ್ಚುಗಳನ್ನೂ ಹೊರಗೆಳೆದು ಮುಚ್ಚಳ ಬಿಚ್ಚಿದ ಮೇಲೆ, ಒಂದು ಬೋಲ್ಟನ್ನಾದರೂ ಸಡಿಲಿಸುವ ಮೊದಲು, ಮೆಕ್ಯಾನಿಕರು ಕ್ರೌನಿನ ಹಲ್ಲಿಗೆ ಡಯಲ್ ಗೇಜಿನ ಮುಳ್ಳು ತಾಗಿಸಿ ಹಲ್ಲುಗಳ ನಡುವಣ ಸಡಿಲವನ್ನು ಅಳೆದರು: 0.18 ಮಿಲಿಮೀಟರು. ನಮ್ಮ ಅಚ್ಚಿಗೆ 0.15ರಿಂದ 0.20ರವರೆಗೆ ಇರಬಹುದು. ಈ ಅಂಕಿಯನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದರು. ಬಿಚ್ಚುವ ಮುನ್ನ ಅಳೆದಿಡದವನಿಗೆ ಜೋಡಿಸುವಾಗ ಬರಿಯ ಊಹೆಯೇ ಗತಿ.

ಬೇರಿಂಗುಗಳನ್ನು ಹಿಡಿದಿರುವ ಕಮಾನಿನಂಥ ಎರಡು ಮುಚ್ಚಳಗಳನ್ನು ಹೌಸಿಂಗಿಗೆ ಬಿಗಿದ ಮೇಲೆಯೇ ಒಟ್ಟಾಗಿ ಕೊರೆದಿರುತ್ತಾರೆ. ಎಡದ್ದು ಬಲಕ್ಕೆ ಸಲ್ಲದು. ಎಡದ್ದಕ್ಕೆ ಒಂದು ಚುಕ್ಕೆ, ಬಲದ್ದಕ್ಕೆ ಎರಡು ಚುಕ್ಕೆ ಪಂಚಿನಿಂದ ಹೊಡೆದೆವು. ಬೇರಿಂಗಿನ ಪಕ್ಕದಲ್ಲಿ ಇಡುವ, ಕಾಗದದಷ್ಟು ತೆಳುವಾದ ಉಕ್ಕಿನ ಶಿಮ್‌ಗಳನ್ನೂ ಎಡ ಬಲ ಬೇರೆಬೇರೆಯಾಗಿ ದಾರದಲ್ಲಿ ಪೋಣಿಸಿಟ್ಟೆವು. ತಾಮ್ರದ ಕೊಳವೆಯ ಕೀಲನ್ನು ಮೊದಲೇ ಬಿಚ್ಚಬೇಕು. ಮರೆತು ಪಂಜರವನ್ನು ಎಳೆದರೆ ಕೊಳವೆ ನುಲಿದುಹೋಗುತ್ತದೆ. ಪಂಜರ ಸುಲಭವಾಗಿ ಬರಲಿಲ್ಲ. ಇಬ್ಬರು ಎರಡು ಕಡೆ ಸನ್ನೆ ಕೊಟ್ಟು ಮಿಡುಕಿಸಿದ ಮೇಲೆ ಥಟ್ಟನೆ ಸಡಿಲವಾಗಿ ತೊಡೆಯ ಮೇಲೆ ಬಿತ್ತು. ನಮ್ಮ ತೊಡೆಯ ಮೇಲೆ, ಮೆಕ್ಯಾನಿಕರದಲ್ಲ. ಅನುಭವಸ್ಥರು ಎಲ್ಲಿ ನಿಲ್ಲಬೇಕೆಂಬುದನ್ನು ಬಲ್ಲರು.

ಕೊರಳಪಟ್ಟಿಯನ್ನು ಸರಿಸಿ ಓ-ರಿಂಗುಗಳನ್ನು ಹೊರತೆಗೆದೆವು. ದುಂಡಗಿರಬೇಕಾದ ಬಳೆಗಳ ಒಳಮೈ ಚಪ್ಪಟೆಯಾಗಿತ್ತು. ಬೆರಳಲ್ಲಿ ಬಾಗಿಸಿದರೆ ಒಂದು ಒಣಗಿದ ಹುಣಿಸೆ ಸಿಪ್ಪೆಯಂತೆ ಬಿರಿಯಿತು. ಕೊರಳಿನ ಮೇಲೆ ಉಜ್ಜಿದ ಗುರುತುಗಳಿದ್ದವು. ಅವುಗಳ ಮೇಲೆ ಉಗುರೆಳೆದು ನೋಡಬೇಕು. ಗೀರು ಉಗುರಿಗೆ ತಡೆದರೆ ಹೊಸ ಓ-ರಿಂಗು ಬಹುಕಾಲ ಬಾಳದು. ನಮ್ಮ ಅದೃಷ್ಟಕ್ಕೆ ತಡೆಯಲಿಲ್ಲ. ಅತಿ ನಯವಾದ ಎಮರಿ ಕಾಗದದಿಂದ ಸುತ್ತಲೂ ಸಮವಾಗಿ ತಿಕ್ಕಿ, ಗಾಳಿಯ ತೂತುಗಳ ಅಂಚನ್ನು ಬೆರಳಿನಿಂದ ತಡವಿ, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದೆವು. ತೊಳೆಯುವುದಕ್ಕೇ ಒಂದು ಗಂಟೆ ಹಿಡಿಯಿತು. ಒಂದು ಮರಳಿನ ಕಣ ಉಳಿದರೂ ಅದು ರಬ್ಬರಿನಲ್ಲಿ ಕುಳಿತು ಉಕ್ಕನ್ನು ಕೊರೆಯುತ್ತದೆ.

ಹೊಸ ಓ-ರಿಂಗುಗಳನ್ನು ಹಾಗೆಯೇ ಒಣಗಿದಂತೆ ಏರಿಸಲು ನಾವು ಕೈಹಾಕಿದಾಗ ಮೆಕ್ಯಾನಿಕರು ತಡೆದರು. ಗೇರ್ ಎಣ್ಣೆಯಲ್ಲಿ ಅವನ್ನು ಅದ್ದಿಟ್ಟು, ಊಟ ಮುಗಿಸಿ ಬಂದು, ಪಟ್ಟಿಯನ್ನು ಮೆಲ್ಲಗೆ ತಿರುಚುತ್ತ ತಿರುಚುತ್ತ ಕೊರಳಿಗೆ ತೊಡಿಸಿದರು. ಬಳೆಗಾರ ಬಾಣಂತಿಗೆ ಬಳೆ ತೊಡಿಸುವ ರೀತಿ ಅದು. ಪಂಜರ ಒಳಹೋಯಿತು, ಶಿಮ್‌ಗಳು ತಮ್ಮ ತಮ್ಮ ಕಡೆಗೆ, ಚುಕ್ಕೆಗಳು ತಮ್ಮ ತಮ್ಮ ಜಾಗಕ್ಕೆ. ಅಳತೆಯ ಸ್ಪ್ಯಾನರಿನಿಂದ ಬೋಲ್ಟುಗಳನ್ನು ಬಿಗಿದು ಡಯಲ್ ಗೇಜು ಇಟ್ಟರೆ ಮುಳ್ಳು 0.18ರಲ್ಲಿಯೇ ನಿಂತಿತು. ಹಲ್ಲುಗಳಿಗೆ ಬಣ್ಣ ಬಳಿದು ತಿರುಗಿಸಿದಾಗ ಅಚ್ಚೊತ್ತಿದ ಗುರುತೂ ಹಲ್ಲಿನ ನಡುವೆಯೇ ಬಿತ್ತು.

ಎಡತುದಿಯ ಸೀಲಿನ ತುಟಿ ಮಗುಚಿ, ಸ್ಪ್ರಿಂಗು ಕಳಚಿಹೋಗಿತ್ತು, ಅದನ್ನು ಬದಲಾಯಿಸಿದೆವು. ಹಳೆಯ ಸೀಲಿನ ತುಟಿ ಅಚ್ಚಿನ ಮೇಲೆ ಕೂದಲೆಳೆಯಷ್ಟು ಗೆರೆ ಸವೆಸಿದ್ದರಿಂದ ಹೊಸತನ್ನು ಎರಡು ಮಿಲಿಮೀಟರು ಈಚೆಗೆ ಕೂರಿಸಲಾಯಿತು. ಪಿನಿಯನ್ನಿನ ಸೀಲೂ ಒಸರುತ್ತಿತ್ತು. ಅದನ್ನೂ ಹೊಸದು ಹಾಕೋಣವೆಂದರೆ ಮೆಕ್ಯಾನಿಕರು ಒಪ್ಪಲಿಲ್ಲ. ಪಿನಿಯನ್ನಿನ ನಟ್ಟನ್ನು ಬಿಚ್ಚಿದರೆ ಬೇರಿಂಗಿನ ಬಿಗಿತವನ್ನು ಮತ್ತೆ ಹೊಂದಿಸಬೇಕಾಗುತ್ತದೆ. ತಪ್ಪಿದರೆ ಕ್ರೌನ್ ಪಿನಿಯನ್ ಎರಡೂ ಹಾಳು. ಒರಸಿ ಬಿಡಿ, ಗಾಳಿ ನಿಂತರೆ ಇದೂ ನಿಲ್ಲುತ್ತದೆ ಎಂದರು. ನಮಗೆ ಆಗ ಅರೆನಂಬಿಕೆ.

ಬ್ರೇಕ್ ಷೂಗಳ ವಿಷಯದಲ್ಲಿ ಮಾತ್ರ ಅವರು ಕಟ್ಟುನಿಟ್ಟು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಅಭ್ಯಾಸ ಅನೇಕರಲ್ಲಿದೆ. ಕಣ್ಣಿಗೆ ಅದು ಶುದ್ಧವಾದಂತೆ ಕಾಣುತ್ತದೆ; ಮೊದಲ ಇಳಿಜಾರಿನಲ್ಲಿ ಕಾಯ್ದೊಡನೆ ಒಳಗೆ ಇಂಗಿದ್ದ ಎಣ್ಣೆ ಬೆವರಿನಂತೆ ಮೇಲೆದ್ದು ಬರುತ್ತದೆ. ಎಡಕ್ಕಷ್ಟೇ ಅಲ್ಲ, ಬಲಕ್ಕೂ ಹೊಸತನ್ನೇ ಹಾಕಿದೆವು. ಎರಡು ಕಡೆಯ ಹಿಡಿತ ಸಮವಾಗಿಲ್ಲದಿದ್ದರೆ ಮೂತಿ ಮತ್ತೆ ತಿರುಗುತ್ತದೆ. ಡ್ರಮ್ಮಿನ ಧೂಳನ್ನು ಗಾಳಿ ಊದಿ ಹಾರಿಸದೆ ಒದ್ದೆ ಬಟ್ಟೆಯಿಂದ ಒರಸಬೇಕು. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಮುಳುವಾದ ಕಲ್ನಾರು ಇರುತ್ತಿತ್ತು. ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂಬುದು ಕಣ್ಣಿಗೆ ಕಾಣುವಂಥದಲ್ಲ.

ಹೊಸ ಎಣ್ಣೆಯನ್ನು ಪಕ್ಕದ ತೂತಿನ ಕೆಳ ಅಂಚಿನವರೆಗೆ, ಕಿರುಬೆರಳು ಬಾಗಿಸಿದರೆ ತಾಗುವಷ್ಟೇ ತುಂಬಿದೆವು. ಉಸಿರುಗೊಳವೆಯನ್ನು ಉದ್ದಮಾಡಿ ನೀರಿನ ಮಟ್ಟಕ್ಕಿಂತ ಎಷ್ಟೋ ಮೇಲೆ ಕಟ್ಟಿ, ಬಾಯನ್ನು ಕೆಳಮುಖವಾಗಿ ಬಾಗಿಸಿ, ಕುಂಬಾರ ಹುಳು ಹೋಗಲಾರದ ಸಣ್ಣ ಜಾಲರಿ ಹಾಕಿದೆವು. ಕೊನೆಗೆ ಬ್ಯಾಟರಿ ಜೋಡಿಸಿ, ಕೊಳವೆಯನ್ನು ಒಮ್ಮೆ ಕಳಚಿ, ಅದೇ ಕೆಂಪು ಬಲೂನನ್ನು ಮೊಳೆಯ ಬಾಯಿಗೆ ಸಿಕ್ಕಿಸಿ ಬೀಗ ಹಾಕಿದೆವು. ಕಂಪ್ರೆಸರು ಒಮ್ಮೆ ಗುರುಗುಟ್ಟಿ ನಿಂತಿತು. ಐದು ನಿಮಿಷ, ಹತ್ತು ನಿಮಿಷ, ಇಪ್ಪತ್ತು ನಿಮಿಷ. ಬಲೂನು ತಲೆ ಜೋಲಿಸಿಕೊಂಡು ಹಾಗೆಯೇ ಇತ್ತು.

ಪಿನಿಯನ್ನಿನ ಸೀಲು ಒಂದು ವಾರದಲ್ಲಿ ಒಣಗಿತು. ಆಗಸ್ಟಿನ ಮೊದಲ ವಾರ ತೋಟದವರನ್ನು ಮತ್ತೆ ಕೂಡಿಸಿಕೊಂಡು ಅದೇ ಇಳಿಜಾರಿನಲ್ಲಿ ಬರುವ ಮುನ್ನ, ಖಾಲಿ ಟ್ರಕ್ಕಿನಲ್ಲಿ ಮೂರು ಸಲ ಇಳಿದು, ಮೂರು ಸಲವೂ ಸಿಲ್ವರ್ ಓಕ್ ಮರದ ಮೇಲ್ಗಡೆ ಬ್ರೇಕು ತುಳಿದು ನೋಡಿದೆವು. ಏಳು ಮಂದಿಯಲ್ಲಿ ಆರು ಮಂದಿ ಹತ್ತಿದರು. ಏಳನೆಯವರು ಆ ದಿನವೂ ನಡೆದೇ ಬಂದರು; ನಾವು ಒತ್ತಾಯಿಸಲಿಲ್ಲ.